ಅರ್ಧ ಚೌಕದ ನಿರೂಪಣೆ: ದೈಶಿಕ ಅವಧಾನದ ಅಧ್ಯಯನ ಚರಿತ್ರೆ

ಕನ್ನಡದಲ್ಲಿ ‘ಗಮನ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಸಂಸ್ಕೃತ ಮೂಲದ ಈ ಪದದ ಮೊದಲ ಅರ್ಥ ಹೋಗುವಿಕೆ. ಬಳಕೆಯಲ್ಲಿ ನೆಲೆನಿಂತ ಅರ್ಥ ಮನಸ್ಸನ್ನು ಒಂದೆಡೆ ಇರಿಸುವಿಕೆ. ಕುಳಿತಲ್ಲಿಂದ ಕದಲದೆ, ಕಣ್ಣನ್ನೂ ಹೊರಳಿಸದೆ, ಮನಸ್ಸು ಮಾತ್ರ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗಬಲ್ಲುದೆಂಬ ತಿಳಿವಳಿಕೆ ಈ ಒಂದೇ ಪದದಲ್ಲಿ ಅಡಗಿದಂತಿದೆ. ಅದನ್ನು ಹಾಗೆ ಕಳುಹಿಸುವ ಮಿದುಳಿನ ಭಾಗ ಯಾವುದು ಎಂಬ ಪ್ರಶ್ನೆಗೆ ಪಾಶ್ಚಾತ್ಯ ವೈದ್ಯರೂ ಮನೋವಿಜ್ಞಾನಿಗಳೂ ಉತ್ತರ ಹುಡುಕಿದ ಚರಿತ್ರೆ ಸುಮಾರು ನೂರೈವತ್ತು ವರ್ಷಗಳದು. ಆ ಚರಿತ್ರೆಯ ನಿರ್ಣಾಯಕ ಘಟ್ಟವೊಂದರಲ್ಲಿ ಯಾವ ಉಪಕರಣಕ್ಕಿಂತಲೂ ರೋಗಿಗಳ ಬಾಯಿಮಾತಿನ ನಿರೂಪಣೆಯೇ ಮುಖ್ಯ ಸಾಕ್ಷ್ಯವಾಯಿತೆಂಬುದು ಜಾನಪದ ಅಧ್ಯಯನವು ಲಕ್ಷಿಸಬೇಕಾದ ಸಂಗತಿಯಾಗಿದೆ.

ಮನಸ್ಸಿನ ಈ ಚಲನೆಯನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ (1821–1894) ಅಗ್ರಗಣ್ಯ. ಕತ್ತಲೆಯ ಪೆಟ್ಟಿಗೆಯೊಳಗೆ ಅಕ್ಷರಗಳನ್ನು ಹರಡಿ, ಸೂಜಿರಂಧ್ರದಿಂದ ಕಾಣುವ ಬೆಳಕಿನ ಚುಕ್ಕೆಯೊಂದರಲ್ಲಿ ದೃಷ್ಟಿಯನ್ನು ನೆಟ್ಟು, ಆತ ವಿದ್ಯುತ್ ಕಿಡಿಯ ಕ್ಷಣಮಾತ್ರದ ಬೆಳಕಿನಲ್ಲಿ ಆ ಅಕ್ಷರಗಳನ್ನು ನೋಡಿದನು. ಕಣ್ಣು ಹೊರಳುವಷ್ಟು ಕಾಲಾವಕಾಶ ಅಲ್ಲಿರಲಿಲ್ಲ. ಆದರೂ ತಾನು ಮೊದಲೇ ಮನಸ್ಸನ್ನು ಇರಿಸಿದ ಮೂಲೆಯ ಅಕ್ಷರಗಳು ಓದಲು ಸಿಕ್ಕಿದವು, ಉಳಿದೆಡೆಯವು ಸಿಗಲಿಲ್ಲ. ನೋಡುವುದು ಬೇರೆ, ಕಾಣುವುದು ಬೇರೆ ಎಂದು ಕನ್ನಡ ಮಾಡುವ ಭೇದವನ್ನೇ ಆ ಕಿಡಿ ಬೆಳಗಿಸಿತೆನ್ನಬಹುದು. ಇದಕ್ಕೆ ಪೂರಕವಾಗಿ 1870ರ ದಶಕದಲ್ಲಿ ಡೇವಿಡ್ ಫೆರಿಯರ್ ಕೋತಿಗಳ ಮಿದುಳಿನ ಮುಂಭಾಗದ ಒಂದು ನೆಲೆಗೆ ವಿದ್ಯುತ್ತನ್ನು ಹಾಯಿಸಿದಾಗ ಅವುಗಳ ಕಣ್ಣೂ ತಲೆಯೂ ವಿರುದ್ಧ ಬದಿಗೆ ತಿರುಗಿದವು. ಮಿದುಳಿನ ಎಡ ಅರೆಗೋಳ ಬಲಬದಿಯ ಜಗತ್ತಿಗೂ ಬಲ ಅರೆಗೋಳ ಎಡಬದಿಯ ಜಗತ್ತಿಗೂ ಮುಖಮಾಡಿವೆಯೆಂಬ ಕಲ್ಪನೆ ಹೀಗೆ ಬಲಗೊಂಡಿತು.

ಆದರೆ ಮನುಷ್ಯನ ಮಿದುಳಿನ ವಿಚಾರದಲ್ಲಿ ಪ್ರಯೋಗಶಾಲೆಗಿಂತ ಹೆಚ್ಚು ಕಲಿಸಿದ್ದು ಆಸ್ಪತ್ರೆ, ಅದಕ್ಕಿಂತಲೂ ಹೆಚ್ಚಾಗಿ ಯುದ್ಧ. 1909ರಲ್ಲಿ ಬುಡಾಪೆಸ್ಟಿನ ವೈದ್ಯ ರೆಜೋ ಬಾಲಿಂಟ್ ಒಬ್ಬ ವಿಲಕ್ಷಣ ರೋಗಿಯ ವಿವರವನ್ನು ಪ್ರಕಟಿಸಿದನು. ಆ ರೋಗಿಯ ಕಣ್ಣುಗಳು ಸರಿಯಾಗಿದ್ದವು. ಆದರೆ ಒಮ್ಮೆಗೆ ಒಂದೇ ವಸ್ತು ಅವನ ಅರಿವಿಗೆ ಬರುತ್ತಿತ್ತು. ಸಿಗರೇಟು ಹಚ್ಚಲು ಹೋದರೆ ಅದರ ನಡುಭಾಗಕ್ಕೆ ಬೆಂಕಿ ತಾಗಿಸುತ್ತಿದ್ದನು. ಮರಣಾನಂತರದ ಪರೀಕ್ಷೆಯಲ್ಲಿ ನೆತ್ತಿಯ ಹಿಂಬದಿಯಲ್ಲಿರುವ ಪೆರೈಟಲ್ ಹಾಲೆಗಳೆರಡೂ ಹಾನಿಗೊಂಡಿದ್ದುದು ಕಂಡುಬಂದಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಸೇವೆಯಲ್ಲಿದ್ದ ಗೋರ್ಡನ್ ಹೋಮ್ಸ್, ತಲೆಗೆ ಗುಂಡು ತಾಗಿಯೂ ಬದುಕುಳಿದ ಸೈನಿಕರಲ್ಲಿ ಇಂಥದೇ ತೊಡಕುಗಳನ್ನು ಕಂಡು 1918ರಲ್ಲಿ ವರದಿ ಮಾಡಿದನು. ಎದುರಿನ ಗೋಡೆ ಕಾಣುತ್ತಿದ್ದರೂ ಅದಕ್ಕೆ ಹಾಯುವ, ಮುಂದೆ ಹರಡಿದ ನಾಣ್ಯಗಳನ್ನು ಎಣಿಸಲಾರದ ತರುಣರು ಅವರು. ಮಾನವನ ಅವಧಾನದ ಭೂಪಟದ ಮೊದಲ ಗೆರೆಗಳನ್ನು ಎಳೆದದ್ದು ಗುಂಡುಗಳೆಂಬುದನ್ನು ವಿಜ್ಞಾನದ ಚರಿತ್ರೆಗಳು ತುಸು ಅವಸರದಲ್ಲಿ ದಾಟಿಹೋಗುತ್ತವೆ. 1941ರಲ್ಲಿ ರಸೆಲ್ ಬ್ರೇನ್ (ಮಿದುಳೆಂದೇ ಅರ್ಥವಾಗುವ ಹೆಸರಿನ ಈ ವೈದ್ಯ ಮುಂದೆ ಅದೇ ಹೆಸರಿನ ಪತ್ರಿಕೆಗೆ ಸಂಪಾದಕನೂ ಆದನು) ಬಲ ಅರೆಗೋಳಕ್ಕೆ ಹಾನಿಯಾದ ರೋಗಿಗಳು ಸ್ವಂತ ಮನೆಯಲ್ಲೇ ದಾರಿ ತಪ್ಪುವುದನ್ನು ವಿವರಿಸಿದನು. ಅವರು ಮನೆಯ ವಿನ್ಯಾಸವನ್ನು ಮರೆತಿರಲಿಲ್ಲ. ಎಡಕ್ಕೆ ತಿರುಗಬೇಕಾದಲ್ಲೆಲ್ಲ ಬಲಕ್ಕೆ ತಿರುಗುತ್ತಿದ್ದರು.

ವೈದ್ಯಕೀಯದಲ್ಲಿ ಇದನ್ನು ಏಕಪಾರ್ಶ್ವ ಅಲಕ್ಷ್ಯವೆನ್ನಬಹುದು. ಲಕ್ವ ಹೊಡೆದು ಬಲ ಅರೆಗೋಳ ಹಾನಿಗೊಂಡವರಲ್ಲಿ ಇದು ಹೆಚ್ಚು. ಅವರು ತಟ್ಟೆಯ ಬಲ ಅರ್ಧವನ್ನಷ್ಟೇ ಉಂಡು ಹಸಿವೆನ್ನುತ್ತಾರೆ, ಮುಖದ ಒಂದೇ ಬದಿಯನ್ನು ಕ್ಷೌರ ಮಾಡಿಕೊಳ್ಳುತ್ತಾರೆ, ಎಡಗಡೆ ನಿಂತು ಮಾತನಾಡಿಸಿದವರಿಗೆ ಉತ್ತರಿಸದಿರುತ್ತಾರೆ. ಇದನ್ನು ಮನೆಯವರು ಮೊಂಡುತನವೆಂದೋ ಅರಳುಮರಳೆಂದೋ ತಿಳಿದು ನೋಯುವುದುಂಟು. ರೋಗಿಗಾದರೋ ಏನೋ ಕೊರೆಯಾಗಿದೆಯೆಂಬುದೇ ಅನೇಕ ವೇಳೆ ತಿಳಿಯದು. ಕುರುಡನಿಗೆ ತನ್ನ ಕುರುಡಿನ ಅರಿವಿರುತ್ತದೆ. ಇಲ್ಲಿ ಇಲ್ಲದಾದುದು ಆ ಅರಿವೇ.

ಈ ಸಮಸ್ಯೆ ಕಣ್ಣಿನದಲ್ಲ, ಮನಸ್ಸಿನೊಳಗಿನ ದೇಶಕ್ಕೇ ಸೇರಿದ್ದೆಂಬುದನ್ನು ಮನಗಾಣಿಸಿದವರು ಇಟಲಿಯ ಎದೋಆರ್ದೊ ಬಿಸಿಯಾಕ್ ಮತ್ತು ಕ್ಲಾಉದಿಯೊ ಲುತ್ಸಾತ್ತಿ. 1978ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇದ್ದುದು ಇಬ್ಬರು ರೋಗಿಗಳು ಮತ್ತು ಮಿಲಾನ್ ನಗರದವರೆಲ್ಲರಿಗೂ ಚಿರಪರಿಚಿತವಾದ ಒಂದು ಚೌಕ. ‘ದುವೊಮೊ’ ಎನಿಸುವ ಮಹಾ ಚರ್ಚಿನ ಎದುರಿನ ಆ ಚೌಕದ ಒಂದು ಅಂಚಿನಲ್ಲಿ, ಚರ್ಚಿಗೆ ಮುಖಮಾಡಿ ನಿಂತಿರುವಂತೆ ಕಲ್ಪಿಸಿಕೊಂಡು ಕಂಡುದನ್ನು ಹೇಳಬೇಕೆಂದು ರೋಗಿಗಳನ್ನು ಕೇಳಲಾಯಿತು. ಹಾಗೆ ನಿಂತವರ ಬಲಕ್ಕೆ ಅರಮನೆಯೂ ಎಡಕ್ಕೆ ವಿತ್ತೋರಿಯೊ ಎಮಾನುವೆಲೆ ಅರಸನ ಹೆಸರಿನ, ಗಾಜಿನ ಮಾಡಿನ ಅಂಗಡಿಸಾಲೂ ಬರುತ್ತವೆ. ರೋಗಿಗಳ ನಿರೂಪಣೆ ಬಲಬದಿಯ ಕಟ್ಟಡಗಳಿಂದ ತುಂಬಿತ್ತು. ಎಡಬದಿ ಬಹುಮಟ್ಟಿಗೆ ಬರಿದಾಗಿತ್ತು. ಅನಂತರ ಚೌಕವನ್ನು ದಾಟಿ ಚರ್ಚಿನ ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡುವಂತೆ ಕಲ್ಪಿಸಿಕೊಳ್ಳಲು ಹೇಳಲಾಯಿತು. ಆಗ ಎಡ ಬಲವಾಯಿತು. ಕೆಲವೇ ಹೊತ್ತಿನ ಹಿಂದೆ ಹೇಳದೆ ಬಿಟ್ಟಿದ್ದ ಕಟ್ಟಡಗಳು ಬಾಯಿಗೆ ಬಂದವು. ಮೊದಲು ಹೆಸರಿಸಿದ್ದವು ಮಾಯವಾದವು.

ಜಾನಪದ ಕ್ಷೇತ್ರಕಾರ್ಯದ ಪರಿಚಯವುಳ್ಳವರನ್ನು ಈ ಫಲಿತಾಂಶ ಕಲಕದೆ ಇರದು. ವಕ್ತೃವೊಬ್ಬನು ಒಂದು ಸಲ ಹೇಳಿದ ಭಾಗವನ್ನು ಇನ್ನೊಂದು ಸಲ ಬಿಟ್ಟರೆ ಅದನ್ನು ಮರೆವೆಂದು, ಪಾಠದ ಲೋಪವೆಂದು ಬರೆದಿಟ್ಟುಕೊಳ್ಳುವ ರೂಢಿ ಸಂಗ್ರಾಹಕರಲ್ಲಿ ಬಹುಕಾಲ ಇತ್ತು. ಮಿಲಾನಿನ ವಕ್ತೃಗಳಲ್ಲಿ ನೆನಪು ಅಳಿದಿರಲಿಲ್ಲ. ಇಡೀ ಚೌಕ ಅವರಲ್ಲಿತ್ತು. ನಿಂತ ನೆಲೆಯಿಂದ ಅದರ ಅರ್ಧಕ್ಕೆ ಮಾತ್ರ ಗಮನ ಹೋಗುತ್ತಿತ್ತು. ಒಂದೇ ಪ್ರಶ್ನೆ ಕೇಳಿ ವೈದ್ಯರು ಟಿಪ್ಪಣಿ ಮುಚ್ಚಿದ್ದರೆ ಉಳಿದರ್ಧವನ್ನು ನಷ್ಟವೆಂದೇ ದಾಖಲಿಸುತ್ತಿದ್ದರು. ಆರೋಗ್ಯವಂತ ಕಥನಕಾರನನ್ನು ಈ ರೋಗಿಗಳಿಗೆ ಸಮೀಕರಿಸುವುದು ಸಲ್ಲದು. ಆದರೆ ನಿರೂಪಕನನ್ನು ಬೇರೆ ನೆಲೆಯಲ್ಲಿ ನಿಲ್ಲಿಸಿ ಮತ್ತೆ ಕೇಳುವ ಆ ಕ್ರಮ ಯಾವ ಸಂಗ್ರಾಹಕನಿಗೂ ಸಲ್ಲುವಂಥದು.

ಮುಂದಿನ ದಶಕಗಳ ಸಂಶೋಧನೆ ಹೆಚ್ಚಾಗಿ ಅಮೆರಿಕದಲ್ಲಿ ನಡೆಯಿತು. ಆರೆಗನ್ನಿನ ಮೈಕೆಲ್ ಪೋಸ್ನರ್ 1980ರಲ್ಲಿ ಪ್ರಸಿದ್ಧಿಗೆ ತಂದ ಸರಳ ಪ್ರಯೋಗದಲ್ಲಿ, ಗುರುತು ಎಲ್ಲಿ ಮೂಡಲಿದೆಯೆಂಬ ಸೂಚನೆಯನ್ನು ಮೊದಲೇ ಕೊಟ್ಟರೆ ಕಣ್ಣು ಕದಲಿಸದೆಯೂ ಉತ್ತರ ಬೇಗ ಬರುತ್ತದೆ, ತಪ್ಪು ಸೂಚನೆ ಕೊಟ್ಟರೆ ತಡವಾಗುತ್ತದೆ. ವ್ಯತ್ಯಾಸ ಸೆಕೆಂಡಿನ ಅತಿ ಸಣ್ಣ ಅಂಶದ್ದು. ಪೆರೈಟಲ್ ಹಾಲೆ ಹಾನಿಗೊಂಡವರಿಗೆ ಒಂದೆಡೆ ನೆಟ್ಟ ಗಮನವನ್ನು ಅಲ್ಲಿಂದ ಬಿಡಿಸಿಕೊಳ್ಳುವುದೇ ಕಷ್ಟವೆಂದು 1984ರಲ್ಲಿ ಪೋಸ್ನರ್ ಮತ್ತು ಸಂಗಡಿಗರು ತೋರಿಸಿದರು. ಮಾರ್ಸೆಲ್ ಮೆಸುಲಮ್ 1981ರಲ್ಲಿ ಅವಧಾನವನ್ನು ಒಂದು ಕೇಂದ್ರದ ಕೆಲಸವೆನ್ನದೆ ಹಲವು ಭಾಗಗಳ ಜಾಲದ ಕೆಲಸವೆಂದನು. ಬಲ ಅರೆಗೋಳವು ಎರಡೂ ಬದಿಗಳನ್ನು ಲಕ್ಷಿಸಬಲ್ಲುದು, ಎಡ ಅರೆಗೋಳವು ಮುಖ್ಯವಾಗಿ ಬಲಬದಿಯನ್ನು ಮಾತ್ರ. ಆದ್ದರಿಂದಲೇ ಬಲ ಅರೆಗೋಳ ಕೆಟ್ಟಾಗ ಎಡಬದಿಯನ್ನು ವಹಿಸಿಕೊಳ್ಳುವವರು ಯಾರೂ ಇಲ್ಲವಾಗುತ್ತದೆ. 2002ರಲ್ಲಿ ಮೌರಿಟ್ಸಿಯೊ ಕೊರ್ಬೆಟ್ಟ ಮತ್ತು ಗೋರ್ಡನ್ ಶುಲ್ಮನ್ ಎರಡು ಜಾಲಗಳನ್ನು ಗುರುತಿಸಿದರು. ಮಿದುಳಿನ ಮೇಲ್ಭಾಗದ ಜಾಲ ಉದ್ದೇಶಪೂರ್ವಕ ಅವಧಾನದ್ದು. ಬಲಬದಿಯಲ್ಲಿ ಪ್ರಬಲವಾದ ಕೆಳಭಾಗದ ಜಾಲ ಅನಿರೀಕ್ಷಿತವಾದುದಕ್ಕೆ ಎಚ್ಚರಗೊಳ್ಳುವುದು. ಗಮನ ‘ಹರಿಸುವುದು’ ಮತ್ತು ಗಮನ ‘ಸೆಳೆಯುವುದು’ ಎಂಬ ಕನ್ನಡದ ಎರಡು ನುಡಿಗಟ್ಟುಗಳು ಈ ವಿಭಾಗಕ್ಕೆ ಚೆನ್ನಾಗಿ ಹೊಂದುತ್ತವೆ. ಅಷ್ಟಾವಧಾನದ ವೇದಿಕೆಯಲ್ಲಿ ಪದ್ಯ ಕಟ್ಟುತ್ತಿರುವ ಅವಧಾನಿಯನ್ನು ಅಪ್ರಸ್ತುತ ಪ್ರಸಂಗಿಯು ಅತ್ತಿತ್ತ ಎಳೆಯಲು ಯತ್ನಿಸುವಾಗ ಈ ಎರಡರ ಜಗ್ಗಾಟವೇ ಪ್ರದರ್ಶನಗೊಳ್ಳುತ್ತದೆ.

ಅಲಕ್ಷಿತವಾದುದು ಮಿದುಳಿನೊಳಗೆ ಸಂಪೂರ್ಣವಾಗಿ ಇಲ್ಲವಾಗುವುದೇ ಎಂಬ ಪ್ರಶ್ನೆಯನ್ನು 1988ರಲ್ಲಿ ಜಾನ್ ಮಾರ್ಷಲ್ ಮತ್ತು ಪೀಟರ್ ಹ್ಯಾಲಿಗನ್ ಎತ್ತಿದರು. ಎರಡು ಮನೆಗಳ ಚಿತ್ರ; ಒಂದರ ಎಡಬದಿಯಲ್ಲಿ ಬೆಂಕಿ ಉರಿಯುತ್ತಿದೆ. ಎರಡೂ ಒಂದೇ ಎಂದಳು ರೋಗಿ. ಯಾವುದರಲ್ಲಿ ವಾಸಿಸಬಯಸುವಿರೆಂದು ಕೇಳಿದಾಗ, ಇದೆಂಥ ಹುರುಳಿಲ್ಲದ ಪ್ರಶ್ನೆ ಎಂಬ ಭಾವದಿಂದಲೇ ಉತ್ತರಿಸಿದರೂ, ಬಹಳಷ್ಟು ಸಲ ಉರಿಯದ ಮನೆಯನ್ನೇ ಆರಿಸಿದಳು.

ಚಿಕಿತ್ಸೆಯ ದಾರಿ ಇನ್ನೂ ಇಕ್ಕಟ್ಟಾದುದು. 1998ರಲ್ಲಿ ಫ್ರಾನ್ಸಿನ ಈವ್ ರೊಸೆಟ್ಟಿ ಮತ್ತು ಸಂಗಡಿಗರು ದೃಶ್ಯವನ್ನು 10 ಡಿಗ್ರಿ ಬಲಕ್ಕೆ ಸರಿಸಿ ತೋರಿಸುವ ಪಟ್ಟಕದ ಕನ್ನಡಕ ತೊಡಿಸಿ, ಗುರಿಯತ್ತ ಬೆರಳು ತೋರಿಸುವ ಅಭ್ಯಾಸ ಮಾಡಿಸಿದರು. ಕನ್ನಡಕ ತೆಗೆದ ಮೇಲೆ ಕೈಯೂ ಅದರೊಡನೆ ಗಮನವೂ ಎಡಕ್ಕೆ ವಾಲಿದವು. ಅನಂತರದ ಪರೀಕ್ಷೆಗಳಲ್ಲಿ ಈ ಕ್ರಮದ ಫಲ ಏಕರೂಪವಾಗಿ ಕಂಡಿಲ್ಲ. ಆದರೂ ಅದೇ ಬಳಗದ 2001ರ ಅಧ್ಯಯನವೊಂದು ಮಿಲಾನಿನ ಚೌಕವನ್ನು ಮತ್ತೆ ನೆನಪಿಗೆ ತರುತ್ತದೆ. ಫ್ರಾನ್ಸಿನ ಭೂಪಟವನ್ನು ಮನಸ್ಸಿನಲ್ಲಿ ಕಂಡು ಊರುಗಳನ್ನು ಹೇಳಬೇಕೆಂದಾಗ ಪೂರ್ವದ ಊರುಗಳಲ್ಲೇ ನಿಲ್ಲುತ್ತಿದ್ದ ರೋಗಿಗಳು, ಕನ್ನಡಕದ ಅಭ್ಯಾಸದ ತರುವಾಯ ಭೂಪಟದ ಎಡಕ್ಕಿರುವ ಪಶ್ಚಿಮ ಭಾಗದ ಊರುಗಳನ್ನೂ ಹೆಸರಿಸತೊಡಗಿದರು.