ಮೂರು ನಿಮಿಷದ ತಟ್ಟೆ, ಇರುಳಿಡೀ ಬೈಠಕ್

ಸಂಗೀತದ ಹುಚ್ಚು ಹತ್ತಿದ ಇಬ್ಬರು ಧಾರವಾಡದ ಸೀಮೆಯಲ್ಲಿ ಎಲ್ಲಿಯೇ ಕೂಡಲಿ, ಮಳೆ ಬೆಳೆಯ ಮಾತು ಮುಗಿದೊಡನೆ ಒಬ್ಬರು ಕೇಳುವುದು "ನಿಮ್ಮ ಕಡೆ ಯಾರ್ಯಾರ ಪ್ಲೇಟ್ ಅದಾವ್ರಿ?" ಎಂದು; ಇನ್ನೊಬ್ಬರು ಅದಕ್ಕೆ ಉತ್ತರ ಕೊಟ್ಟು ತಿರುಗಿ ಕೇಳುವುದು "ಅವರನ್ನ ಎದುರಿಗೆ ಕೂತು ಎಲ್ಲಿ ಕೇಳೀರಿ?" ಎಂದು. ಮೊದಲ ಪ್ರಶ್ನೆಗೆ ಉತ್ತರ ಕಪಾಟಿನಲ್ಲಿದೆ, ಎರಡನೆಯದಕ್ಕೆ ನೆನಪಿನಲ್ಲಿ. ಈ ಕಪಾಟೂ ಈ ನೆನಪೂ ಒಂದರ ಕೊರತೆಯನ್ನೊಂದು ತುಂಬುತ್ತ ನಡೆದುಬಂದ ಬಗೆ, ಗಾಯಕರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಬದಿಗಿಡುವ ಕೇಳುಗರ ಚರಿತ್ರೆಯಾಗಿದೆ.

ನಮ್ಮ ದೇಶದ ಸಂಗೀತವು ತಟ್ಟೆಗೆ ಏರತೊಡಗಿದ್ದು 1902ರ ನವೆಂಬರಿನಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಯಂತ್ರವನ್ನು ಹೂಡಿಕೊಂಡು ಕುಳಿತು, ಗೌಹರ್ ಜಾನ್ ಎಂಬ ವಿಖ್ಯಾತ ಗಾಯಕಿಯನ್ನು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ ಹಾಡಿಸಿದ. ಹಾಡು ಮುಗಿಯುತ್ತಲೇ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದಳು. ದೂರದ ಜರ್ಮನಿಯಲ್ಲಿ ತಟ್ಟೆಯನ್ನೊತ್ತುವ ಕೆಲಸಗಾರನಿಗೆ ಇದು ಯಾರ ಹಾಡೆಂದು ಬೇರೆ ಹೇಗೆ ತಿಳಿಯಬೇಕು? ತಟ್ಟೆಗೆ ಬೇಕಾದ ಅರಗು ನಮ್ಮ ಕಾಡುಗಳದು, ಹಾಡು ನಮ್ಮದು, ಎರಡೂ ಸಮುದ್ರವನ್ನು ದಾಟಿ ಹ್ಯಾನೋವರಿಗೆ ಹೋಗಿ ಒಂದಾಗಿ ತಿರುಗಿ ಬರಬೇಕಿತ್ತು. 1908ರಲ್ಲಿ ಕಲ್ಕತ್ತೆಯಲ್ಲಿಯೇ ಕಾರ್ಖಾನೆಯಾದ ಮೇಲೆ ಈ ತೀರ್ಥಯಾತ್ರೆ ತಪ್ಪಿತು. ಅದೇ ಗೌಹರ್ ಜಾನ್ ಕಡೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು 1930ರ ಜನವರಿಯಲ್ಲಿ ಆ ಊರಿನಲ್ಲಿಯೇ ತೀರಿಕೊಂಡಳೆಂಬುದನ್ನು ಮೈಸೂರಿನವರೇ ಎಷ್ಟೋ ಮಂದಿ ಅರಿಯರು.

ತಟ್ಟೆಯೆಂದರೆ ಹತ್ತಂಗುಲದ ಕರಿಯ ಬಿಲ್ಲೆ. ಕೈ ಜಾರಿದರೆ ಹಂಚಿನಂತೆ ಒಡೆಯುವುದು, ಬಿಸಿಲಿಗಿಟ್ಟರೆ ಹಪ್ಪಳದಂತೆ ಸೊಟ್ಟಗಾಗುವುದು. ನಿಮಿಷಕ್ಕೆ 78 ಸುತ್ತು ತಿರುಗಿ ಮೂರು ನಿಮಿಷದ ಆಚೀಚೆಗೆ ಒಂದು ಮಗ್ಗುಲು ಮುಗಿಯುತ್ತಿತ್ತು. ಮಗ್ಗುಲಿಗೊಂದು ಹೊಸ ಉಕ್ಕಿನ ಮುಳ್ಳು ಬೇಕು. ಮುಳ್ಳನ್ನುಳಿಸಹೋದ ಜುಗ್ಗ ತಟ್ಟೆಯನ್ನು ಕೆಡಿಸಿಕೊಳ್ಳುತ್ತಿದ್ದ. ಕೀಲಿ ಇಳಿದರೆ ತಾರಸ್ಥಾಯಿಯಲ್ಲಿ ಮೆರೆಯುತ್ತಿದ್ದ ಗಾಯಕರು ನಡುವೆಯೇ ತೂಕಡಿಸಿದಂತಾಗಿ ಮಂದ್ರಕ್ಕೆ ಕುಸಿಯುವರು. ಆಗ ಮನೆಯ ಹುಡುಗನೊಬ್ಬ ಓಡಿಬಂದು ಹಿಡಿಯನ್ನು ತಿರುವಿ ಅವರನ್ನು ಎಬ್ಬಿಸಬೇಕು. ಇಂತಹ ಯಂತ್ರ ಊರಿಗೊಂದೋ ಎರಡೋ ಇದ್ದ ಕಾಲದಲ್ಲಿ ಅದು ಯಾರ ಸ್ವತ್ತಾದರೂ ಅದರ ನಾದವು ಬೀದಿಯ ಸ್ವತ್ತಾಗಿತ್ತು. ಧಾರವಾಡದ ಬೀದಿಯಲ್ಲಿ ಗ್ರಾಮಫೋನಿನ ದನಿ ಕೇಳಿಸಿದರೆ ತಾನು ಮನೆಯಿಂದ ಹೊರಗೋಡಿ ಬಂದು ನಿಂತು ಆಲಿಸಿ ಅದನ್ನೇ ಹಾಡಲೆಳಸುತ್ತಿದ್ದೆನೆಂದು ಗಂಗೂಬಾಯಿ ಹಾನಗಲ್ಲರು ತಮ್ಮ ಬಾಲ್ಯವನ್ನು ನೆನೆದಿದ್ದಾರೆ. ಮೂವತ್ತರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಿಂದ ಅವರ ತಟ್ಟೆಗಳೇ ಅಂಗಡಿಗೆ ಬಂದುವು. ಗದಗಿನ ಕಡೆಯ ಬಾಲಕ ಭೀಮಸೇನ ಜೋಶಿಯು ಅಬ್ದುಲ್ ಕರೀಂ ಖಾನರ ತಟ್ಟೆಯೊಂದನ್ನು ಅಂಗಡಿಯಲ್ಲಿ ಕೇಳಿ, ಹಾಡುವುದಾದರೆ ಹೀಗೆ ಹಾಡಬೇಕೆಂದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆಬಿಟ್ಟ ಕಥೆಯಂತೂ ಸರ್ವವಿದಿತ. ಯಂತ್ರದಿಂದ ಸಂಗೀತ ಕೆಟ್ಟಿತೆಂದು ಹಲುಬುವವರು ಈ ಬಾಲಕನ ಪಯಣವನ್ನು ಒಮ್ಮೆ ನೆನೆಯಬೇಕು: ಮೂರು ನಿಮಿಷದ ಹಾಡು ಅವನನ್ನು ಅಂಗಡಿಯ ಮುಂದೆ ನಿಲ್ಲಿಸಿಕೊಳ್ಳಲಿಲ್ಲ, ಗ್ವಾಲಿಯರಿನವರೆಗೆ ಅಟ್ಟಿತು.

ಆದರೂ ಗಾಯಕರಿಗೆ ತಟ್ಟೆಯ ಮೇಲೆ ಒಂದು ಮುನಿಸು ಇದ್ದೇ ಇತ್ತು. ವಿಲಂಬಿತದಲ್ಲಿ ಗಂಟೆಗಟ್ಟಲೆ ಅರಳಬೇಕಾದ ರಾಗವನ್ನು ಮೂರು ನಿಮಿಷದ ಕರಡಿಗೆಯಲ್ಲಿ ತುರುಕಬೇಕಾದಾಗ ಆಲಾಪವು ಒಂದೆರಡು ಉಸಿರಿಗೆ ಮುಗಿದು, ಬಂದಿಶಿನ ಹಿಂದೆಯೇ ತಾನುಗಳು ರೈಲು ಹಿಡಿಯುವವರಂತೆ ನುಗ್ಗುತ್ತಿದ್ದುವು. ಇದನ್ನೇ ನೂರು ಸಲ ಕೇಳಿ ಬಾಯಿಪಾಠ ಮಾಡಿಕೊಂಡ ರಸಿಕ ಬೈಠಕ್ಕಿಗೆ ಬಂದು, ಅದೇ ಚೀಜು, ಅದೇ ತಾನು, ಅದೇ ಜಾಗದಲ್ಲಿ ಬೇಕೆಂದು ಫರ್ಮಾಯಿಷ್ ಮಾಡಿದರೆ ಉಸ್ತಾದರು ಏನು ಮಾಡಬೇಕು? ಒಲಿದರೆ ಹಾಡುವರು, ಮುನಿದರೆ ಅದೇ ರಾಗದ ಬೇರೊಂದು ಚೀಜನ್ನೆತ್ತಿಕೊಂಡು ಕೇಳಿದವನನ್ನು ಪೇಚಿಗೆ ಸಿಕ್ಕಿಸುವರು. ಈ ಪೇಚಿಗೆ ಸಿಕ್ಕವನೇ ಮುಂದೆ ನಿಜವಾದ ರಸಿಕನಾದುದನ್ನು ನಾನು ಕಂಡಿದ್ದೇನೆ.

ಬೈಠಕ್ಕಿನ ನೆನಪುಗಳಿಗೆ ಕುಂದಗೋಳವೇ ತವರು. ಅಲ್ಲಿನ ನಾಡಿಗೇರರ ವಾಡೆಗೆ ಅಬ್ದುಲ್ ಕರೀಂ ಖಾನರು ಬಂದು ತಂಗುತ್ತಿದ್ದರು. ಆ ಊರಿನ ಮಗನಾದ ರಾಮಚಂದ್ರನೇ ಅವರ ಶಿಷ್ಯನಾಗಿ ಮುಂದೆ ಸವಾಯಿ ಗಂಧರ್ವನೆನಿಸಿದ್ದು. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಬಳಿಕ ಅವರ ಪುಣ್ಯತಿಥಿಗೆ ಅದೇ ವಾಡೆಯಲ್ಲಿ ಇರುಳಿಡೀ ಸಂಗೀತ ನಡೆಯುವ ಪರಿಪಾಠ ಬೆಳೆಯಿತು. ಆ ಇರುಳುಗಳನ್ನು ವರ್ಣಿಸುವವರ ಬಾಯಲ್ಲಿ ಒಂದು ದೋಷವುಂಟು: ವರ್ಷ ಕಳೆದಂತೆ ಇರುಳು ಉದ್ದವಾಗುತ್ತ ಹೋಗುತ್ತದೆ, ಎರಡು ಗಂಟೆಯ ಖಯಾಲು ಮೂರಾಗುತ್ತದೆ. ತಟ್ಟೆ ಹೀಗೆ ಸುಳ್ಳಾಡದು. ಅರುವತ್ತರ ದಶಕದಲ್ಲಿ ಮಗ್ಗುಲಿಗೆ ಇಪ್ಪತ್ತು ನಿಮಿಷದ ದೊಡ್ಡ ತಟ್ಟೆಗಳು ಬಂದು ಈ ಜಗಳಕ್ಕೆ ಸ್ವಲ್ಪ ತೆರಪು ಸಿಕ್ಕಿತಾದರೂ, ನೆನಪಿನವರು ಅದಕ್ಕೂ ಜಗ್ಗಲಿಲ್ಲ.

ನಾನು ಧಾರವಾಡದಲ್ಲಿ ಓದುತ್ತಿದ್ದಾಗ ಇಂತಹ ಒಬ್ಬ ವೃದ್ಧ ರಾಯರ ಮನೆಗೆ ಹೋಗುವ ಪರಿಪಾಠವಿಟ್ಟುಕೊಂಡಿದ್ದೆ. ಒಂದು ಸಂಜೆ ಅವರು ಖಾನರ ಭೈರವಿ ಠುಮ್ರಿಯ ತಟ್ಟೆಯನ್ನು ಧೋತರದ ಅಂಚಿನಿಂದ ಒರೆಸಿ, ಹೊಸ ಮುಳ್ಳು ಹಾಕಿ, ಕೀಲಿ ಕೊಟ್ಟು, ಕಣ್ಣು ಮುಚ್ಚಿ ಕುಳಿತರು. ಸಾರಂಗಿ ನಿಂತಿತು, ಹಾಡು ಮುಗಿಯಿತು. ರಾಯರು ಕಣ್ಣು ತೆರೆಯಲಿಲ್ಲ. "ಪ್ಲೇಟ್ ಮುಗೀತಪಾ, ವಾಡೇದಾಗ ಖಾನ್‌ಸಾಹೇಬರು ಇಲ್ಲಿಗೆ ಮುಗಿಸಿರಲಿಲ್ಲ," ಎಂದು ಬಲಗೈಯನ್ನೆತ್ತಿ, ಹರಿದ ದನಿಯಲ್ಲಿ ಅದೇ ಸಾಲನ್ನು ಹಿಡಿದು ಪಂಚಮಕ್ಕೇರಿ, ಅಲ್ಲಿಂದ ಕೋಮಲ ಧೈವತವನ್ನು ಮುಟ್ಟಿಯೂ ಮುಟ್ಟದಂತೆ ತಡವಿ ಇಳಿದರು, ಆ ಬೆಳಗಿನ ಜಾವ ಯಾರು ಎಲ್ಲಿ ಕುಳಿತಿದ್ದರು, ಯಾರ ಕಣ್ಣಲ್ಲಿ ನೀರಿತ್ತು, ದೀಪದ ಗಾಜು ಎಷ್ಟು ಕಪ್ಪಾಗಿತ್ತೆಂಬುದೆಲ್ಲ ಒಂದೊಂದಾಗಿ ಬಂತು. ಮುಳ್ಳು ಕೊನೆಯ ಗೆರೆಯಲ್ಲಿ ಸರಸರನೆ ಸುತ್ತುತ್ತಲೇ ಇತ್ತು. ಒಳಗಿನಿಂದ ಅವರ ಮನೆಯವರು ಬಂದು, ಏನೂ ಅನ್ನದೆ ಅದನ್ನೆತ್ತಿ ಬದಿಗಿಟ್ಟು, ಎರಡು ಕಪ್ಪು ಚಹಾ ಇರಿಸಿ, ದೀಪ ಹಚ್ಚಿ ಹೋದರು. ರಾಯರಿಗೆ ಇನ್ನೂ ಬೆಳಗಾಗಿರಲಿಲ್ಲ.