ಅರವತ್ತು ಪೌಂಡಿನ ಹೊರೆ

ಬೇಟೆಯ ಪುಸ್ತಕ ಓದುವವರು ಸಾಮಾನ್ಯವಾಗಿ ಗುಂಡು ಹಾರುವ ಪುಟಕ್ಕಾಗಿ ಕಾಯುತ್ತಾರೆ. ನಾನು ಅದಕ್ಕೂ ಮುಂಚಿನ ಪುಟಗಳಲ್ಲೇ ನಿಂತುಬಿಡುತ್ತೇನೆ. ವಸಾಹತು ಕಾಲದ ಪ್ರವಾಸ ಕಥನಗಳು ನನ್ನ ಪಿಎಚ್.ಡಿ. ಅಧ್ಯಯನದ ವಸ್ತು. ಇಂಥ ಕಥನಗಳ ಮೊದಲ ಅಧ್ಯಾಯದಲ್ಲೋ ಕೊನೆಯ ಅನುಬಂಧದಲ್ಲೋ ಎಷ್ಟು ಬಂದೂಕು, ಎಷ್ಟು ಡೇರೆ, ಎಷ್ಟು ಪೆಟ್ಟಿಗೆ ಎಂಬ ಪಟ್ಟಿ ಸಿಗುತ್ತದೆ. ಬೇಟೆಗಾರ ತನ್ನ ಶೌರ್ಯವನ್ನು ಉಬ್ಬಿಸಿ ಹೇಳಬಹುದು. ಸಾಮಾನಿನ ತೂಕವನ್ನು ಹಾಗೆ ಉಬ್ಬಿಸುವುದು ಕಷ್ಟ, ಏಕೆಂದರೆ ಅದನ್ನು ಯಾರೋ ಹೊರಬೇಕಿತ್ತು. ಆ ‘ಯಾರೋ’ ಯಾರು ಎಂಬುದು ನನ್ನ ಕುತೂಹಲ.

1909ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೋಡರ್ ರೂಸ್‌ವೆಲ್ಟ್, ಮೂರು ವಾರ ತುಂಬುವ ಮೊದಲೇ ಮಗ ಕರ್ಮಿಟ್ ಜೊತೆ ಪೂರ್ವ ಆಫ್ರಿಕಕ್ಕೆ ಹಡಗು ಹತ್ತಿದರು. ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಪ್ರಾಣಿಗಳ ಮಾದರಿ ತರುವುದು ಆ ಯಾತ್ರೆಯ ಘೋಷಿತ ಉದ್ದೇಶ. ಏಪ್ರಿಲ್‌ನಲ್ಲಿ ಮೊಂಬಾಸಾ ತಲುಪಿ ರೈಲಿನಲ್ಲಿ ಒಳನಾಡಿಗೆ ಹೋದಾಗ ಡೇರೆಗಳ ಸಾಲು ಮತ್ತು ಇನ್ನೂರಕ್ಕೂ ಹೆಚ್ಚು ಹೊರೆಯಾಳುಗಳು ಅವರಿಗಾಗಿ ಕಾದಿದ್ದರು. ಸಾಮಾನಿನಲ್ಲಿ ಚರ್ಮ ಕೆಡದಂತೆ ಹಚ್ಚುವ ಉಪ್ಪೇ 4 ಟನ್ ಇತ್ತು.

ಆ ಕಾಲದ ಪೂರ್ವ ಆಫ್ರಿಕದಲ್ಲಿ ಒಬ್ಬ ಹೊರೆಯಾಳಿನ ತಲೆಹೊರೆ 60 ಪೌಂಡ್, ಅಂದರೆ ಸುಮಾರು 27 ಕಿಲೋ ಎಂಬುದು ರೂಢಿ. ಅವನ ಸ್ವಂತ ಕಂಬಳಿ, ಹಿಟ್ಟು ಇದಕ್ಕೆ ಹೊರತು. ಈ ಲೆಕ್ಕ ಹಿಡಿದರೆ ಉಪ್ಪೊಂದೇ 130ಕ್ಕೂ ಹೆಚ್ಚು ತಲೆಗಳ ಭಾರ. ಡೇರೆ, ಮಂಚ, ಸ್ನಾನದ ತೊಟ್ಟಿ, ಪಾತ್ರೆ, ತೋಟಾ ಎಲ್ಲವನ್ನೂ 60 ಪೌಂಡಿನ ಗಂಟುಗಳಾಗಿ ಒಡೆಯುವುದೇ ಪ್ಯಾಕಿಂಗ್‌ನ ವಿದ್ಯೆ.

ರೂಸ್‌ವೆಲ್ಟ್ ಓದಲೆಂದು ಒಯ್ದ ಪುಸ್ತಕಗಳೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಿಲ್ಲ. ಬೆವರು, ರಕ್ತ, ಬಂದೂಕಿನ ಎಣ್ಣೆ ತಾಗಿ ಹಾಳಾಗದಿರಲೆಂದು ಸುಮಾರು 60 ಪುಸ್ತಕಗಳಿಗೆ ಹಂದಿಯ ಚರ್ಮದ ರಟ್ಟು ಕಟ್ಟಿಸಿದ್ದರು. ಬೈಬಲ್, ಶೇಕ್ಸ್‌ಪಿಯರ್, ಹೋಮರ್ ಅದರಲ್ಲಿದ್ದರು. ಅಲ್ಯೂಮಿನಿಯಂ ಪೆಟ್ಟಿಗೆಯ ಸಮೇತ ತೂಕ 60 ಪೌಂಡಿಗಿಂತ ತುಸು ಕಡಿಮೆ, ಒಬ್ಬ ಆಳಿನ ಹೊರೆ ಎಂದು ಅವರೇ ಬರೆದಿದ್ದಾರೆ. ಆ ಗ್ರಂಥಾಲಯ ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸಿದ್ದು ಓದುಗನ ಹಸಿವೊಂದೇ ಅಲ್ಲ, ಇನ್ನೊಬ್ಬನ ಕತ್ತಿನ ಶಕ್ತಿ ಕೂಡ. ಬಂದೂಕು ಹಿಡಿದು ಜೊತೆಗೆ ನಡೆದವರನ್ನು ರೂಸ್‌ವೆಲ್ಟ್ ಹೆಸರಿಸುತ್ತಾರೆ. ಹೊರೆಯಾಳುಗಳು ಮಾತ್ರ ಬಹುಮಟ್ಟಿಗೆ ಗುಂಪಾಗಿಯೇ ಉಳಿಯುತ್ತಾರೆ.

ದೊಡ್ಡ ವಸ್ತುವನ್ನು ಚಿಕ್ಕ ಗಂಟಾಗಿಸುವ ಈ ವಿದ್ಯೆಗೆ ನಮ್ಮ ದೇಶದ ಕೊಡುಗೆಯೂ ಇದೆ. 19ನೇ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಭಾರತದ ಸೇನೆ ಬಳಸತೊಡಗಿದ ರೂರ್ಕಿ ಕುರ್ಚಿಗೆ ಮೊಳೆಯಿಲ್ಲ, ಅಂಟಿಲ್ಲ. ಕಾಲು, ಅಡ್ಡಪಟ್ಟಿ, ಕ್ಯಾನ್ವಾಸು ಬಿಚ್ಚಿದರೆ ಕಂಕುಳಲ್ಲಿ ಇಟ್ಟುಕೊಳ್ಳಬಹುದಾದ ಒಂದು ಕಟ್ಟು. ಸೇನಾ ಬಿಡಾರದಿಂದ ಅದು ಆಫ್ರಿಕದ ಬೇಟೆ ಬಿಡಾರಕ್ಕೆ ಹೋಯಿತು. 1933ರಲ್ಲಿ ಡೆನ್ಮಾರ್ಕಿನ ವಿನ್ಯಾಸಕಾರ ಕೋರೆ ಕ್ಲಿಂಟ್ ಅದರ ಮಾದರಿಯಲ್ಲಿ ಮಾಡಿದ ‘ಸಫಾರಿ ಕುರ್ಚಿ’ ಯುರೋಪಿನ ಮನೆಗಳ ಹಜಾರ ಸೇರಿತು.

1920ರ ದಶಕದಲ್ಲಿ ಲಾರಿಗಳು ಬಂದವು, ಹೊರೆಯಾಳುಗಳ ಸಾಲು ಕರಗಿತು. ಬೆನ್ನಲ್ಲೇ ವಿಮಾನ ಬಂತು. 1932ರಲ್ಲಿ ಇಂಪೀರಿಯಲ್ ಏರ್‌ವೇಸ್ ಲಂಡನ್ನಿನಿಂದ ನೈರೋಬಿ ಮಾರ್ಗವಾಗಿ ಕೇಪ್‌ಟೌನ್‌ವರೆಗೆ ಸೇವೆ ಆರಂಭಿಸಿತು. ವಾರಗಳ ಹಡಗು ಪ್ರಯಾಣ ದಿನಗಳಿಗೆ ಇಳಿಯಿತು. ಆದರೆ ಹಡಗಿಗೆ ಲೆಕ್ಕವೇ ಅಲ್ಲದ ಭಾರ ವಿಮಾನಕ್ಕೆ ಪ್ರಾಣಸಂಕಟ. ಆ ಕಾಲದ ವಿಮಾನಗಳಲ್ಲಿ ಪೆಟ್ಟಿಗೆಯ ಜೊತೆ ಪ್ರಯಾಣಿಕನನ್ನೂ ತಕ್ಕಡಿಯ ಮೇಲೆ ನಿಲ್ಲಿಸುತ್ತಿದ್ದರು.

ಈ ಇಕ್ಕಟ್ಟನ್ನು ಸಾಹಿತ್ಯವೂ ಗುರುತಿಸಿದೆ. 1934ರ ಜನವರಿಯಲ್ಲಿ ಬೇಟೆಗೆ ಹೋಗಿದ್ದ ಹೆಮಿಂಗ್ವೇಗೆ ಆಮಶಂಕೆ ಹಿಡಿದು, ಅವರನ್ನು ಪುಟ್ಟ ವಿಮಾನದಲ್ಲಿ ನೈರೋಬಿಗೆ ಒಯ್ದರು. ಎರಡು ವರ್ಷಗಳ ನಂತರ ಪ್ರಕಟವಾದ ‘ದ ಸ್ನೋಸ್ ಆಫ್ ಕಿಲಿಮಂಜಾರೋ’ ಕತೆಯಲ್ಲೂ ವಿಮಾನ ಬರುತ್ತದೆ. ಅದರಲ್ಲಿ ಜಾಗ ಒಬ್ಬನಿಗೆ ಮಾತ್ರ, ಹೆಂಡತಿ ಬಿಡಾರದಲ್ಲೇ ಉಳಿಯಬೇಕು. ಸಾಯುತ್ತಿರುವವನ ಆ ಕನಸಿನಲ್ಲೂ ವಿಮಾನಕ್ಕೆ ಭಾರದ ಮಿತಿ ಇದೆ. ‘ಔಟ್ ಆಫ್ ಆಫ್ರಿಕಾ’ ಓದಿದವರಿಗೆ ಡೆನಿಸ್ ಫಿಂಚ್ ಹ್ಯಾಟನ್ ನೆನಪಿರುತ್ತಾರೆ. ಆಕಾಶದಿಂದ ಆನೆಗಳ ಜಾಡು ಹುಡುಕುವ ಪ್ರಯೋಗ ನಡೆಸುತ್ತಿದ್ದ ಅವರ ಜಿಪ್ಸಿ ಮಾತ್ ವಿಮಾನ 1931ರ ಮೇ 14ರಂದು ವೋಯಿ ಎಂಬಲ್ಲಿ ನೆಲಕ್ಕೆ ಬಿತ್ತು. ಜೊತೆಗಿದ್ದ ಕಿಕುಯು ಸೇವಕನೂ ಸತ್ತ. ಫಿಂಚ್ ಹ್ಯಾಟನ್‌ಗೆ ಪುಸ್ತಕ, ಸಿನಿಮಾ ಎರಡೂ ದಕ್ಕಿದವು. ಆ ಸೇವಕ ಒಂದು ಸಾಲಿನ ಆಚೆ ಹೆಚ್ಚೇನೂ ಬೆಳೆಯಲಿಲ್ಲ.

ಕಾನೂನು ಕೂಡ ತೂಕದ ಭಾಷೆಯನ್ನೇ ಕಲಿಯಿತು. 1929ರ ವಾರ್ಸಾ ಒಪ್ಪಂದದ ಪ್ರಕಾರ ವಿಮಾನದಲ್ಲಿ ಸಾಮಾನು ಕಳೆದರೆ ಪರಿಹಾರದ ಮಿತಿ ಕಿಲೋಗೆ 250 ಫ್ರಾಂಕ್. ಹೆಚ್ಚಿನ ಬೆಲೆಯನ್ನು ಮೊದಲೇ ಘೋಷಿಸಿ ಹಣ ಕಟ್ಟಿರದಿದ್ದರೆ ಕುಶಲಕರ್ಮಿ ಕೈಯಾರೆ ಕೆತ್ತಿದ ಬಂದೂಕಿಗೂ ಅಷ್ಟೇ, ಹಳೆಯ ಬೂಟಿಗೂ ಅಷ್ಟೇ. 1999ರ ಮಾಂಟ್ರಿಯಲ್ ಒಪ್ಪಂದ ಬಂದ ಮೇಲೆ ಈ ಮಿತಿಯನ್ನು ಕಿಲೋ ಲೆಕ್ಕದ ಬದಲು ಪ್ರಯಾಣಿಕನ ಲೆಕ್ಕಕ್ಕೆ ಬದಲಿಸಿದರು.

ಇಷ್ಟು ಹೋಗುವ ದಾರಿಯ ಮಾತು. ಬೇಟೆಯ ಪ್ರಯಾಣದಲ್ಲಿ ತೊಡಕಿನ ಗಂಟು ಮರಳುವಾಗಿನದು. ಇಲ್ಲಿ ನಮ್ಮ ಮೈಸೂರು ಬರುತ್ತದೆ. 1900ರ ಸುಮಾರಿಗೆ ಶುರುವಾದ ‘ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್’ ಎಂಬ ಚರ್ಮ ತುಂಬುವ ಕಾರ್ಖಾನೆಗೆ ದೇಶದ ನಾನಾ ಕಡೆಗಳಿಂದ ಹುಲಿ ಚಿರತೆಗಳ ಚರ್ಮ ಬರುತ್ತಿತ್ತು. ಮೈಸೂರಿನ ಕೆಲಸಗಾರರು ಅಚ್ಚಿನಲ್ಲಿ ಕಾಗದದ ಮುದ್ದೆಯಿಂದ ಟೊಳ್ಳು ಮೈ ತಯಾರಿಸಿ ಅದರ ಮೇಲೆ ಚರ್ಮ ಹೊದಿಸುತ್ತಿದ್ದರು. ಘರ್ಜಿಸುವ ಹುಲಿಯ ಒಳಗೆ ಇದ್ದದ್ದು ಕಾಗದ, ಆದ್ದರಿಂದಲೇ ಅದು ಹಗುರ. ಅಲ್ಲಿಂದ ಪೆಟ್ಟಿಗೆ ಸೇರಿ ಎಷ್ಟೋ ಹುಲಿಗಳು ಸಮುದ್ರ ದಾಟಿದವು. ಮೇಲಿದ್ದ ಚೀಟಿಯಲ್ಲಿ ಕಂಪನಿಯ ಹೆಸರಿತ್ತು, ಅಚ್ಚು ಒತ್ತಿದ ಕೈಗಳ ಹೆಸರಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಹೊಸ ಚರ್ಮ ಬರುವುದು ನಿಂತಿತು, 1999ರಲ್ಲಿ ಕಾರ್ಖಾನೆ ಮುಚ್ಚಿತು. ಕೀನ್ಯಾ 1977ರಲ್ಲೇ ಬೇಟೆ ನಿಷೇಧಿಸಿತ್ತು.

ಬೇಟೆಗೆ ಅವಕಾಶವಿರುವ ದೇಶಗಳಿಗೆ ಜನ ಈಗಲೂ ಹಾರುತ್ತಾರೆ. ಬಂದೂಕಿನಲ್ಲಿ ಗುಂಡು ಇರಕೂಡದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಕೌಂಟರಿನಲ್ಲಿ ಘೋಷಿಸಬೇಕು. ಒಬ್ಬರಿಗೆ ತೋಟಾ 5 ಕಿಲೋ ಮಾತ್ರ. ಮಾಂಸ ತಣ್ಣಗಿಡುವ ಡ್ರೈ ಐಸ್ 2.5 ಕಿಲೋ, ಅದೂ ವಿಮಾನ ಕಂಪನಿ ಒಪ್ಪಿದರೆ. ಕೊಂಬುಗಳ ಮೊನೆಗೆ ಬಟ್ಟೆಯೋ ರಬ್ಬರೋ ಸುತ್ತಬೇಕು. 2015ರಲ್ಲಿ ಜಿಂಬಾಬ್ವೆಯ ಸೆಸಿಲ್ ಎಂಬ ಸಿಂಹವನ್ನು ಅಮೆರಿಕದ ಬೇಟೆಗಾರನೊಬ್ಬ ಕೊಂದ ಮೇಲೆ ಡೆಲ್ಟಾ, ಅಮೆರಿಕನ್, ಯುನೈಟೆಡ್ ಕಂಪನಿಗಳು ಸಿಂಹ, ಚಿರತೆ, ಆನೆ, ಘೇಂಡಾಮೃಗ, ಕಾಡುಕೋಣಗಳ ಬೇಟೆ ಕುರುಹುಗಳನ್ನು ಸಾಗಿಸುವುದಿಲ್ಲ ಎಂದವು. ತೂಕ ಎಷ್ಟು ಎಂದಷ್ಟೇ ಕೇಳುತ್ತಿದ್ದ ಸಾಗಣೆಯ ಲೋಕ, ಒಳಗಿರುವುದು ಏನು ಎಂದು ಕೇಳಿದ ಅಪರೂಪದ ಸಂದರ್ಭ ಅದು.

ನಿಮ್ಮ ವಿಮಾನದ ಟಿಕೆಟ್ಟಿನಲ್ಲೂ ಈ ಚರಿತ್ರೆಯ ತುಣುಕಿದೆ. ಒಂದು ಬ್ಯಾಗಿಗೆ ಸಾಮಾನ್ಯವಾಗಿ 23 ಕಿಲೋ, ದುಡ್ಡು ಕೊಟ್ಟರೂ 32 ಕಿಲೋ ದಾಟುವಂತಿಲ್ಲ. ನೂರಾರು ಟನ್ ಹೊತ್ತು ಏಳುವ ಯಂತ್ರಕ್ಕೆ ಒಂದು ಬ್ಯಾಗಿನ ಹೆಚ್ಚುವರಿ 5 ಕಿಲೋ ಯಾವ ಲೆಕ್ಕ? 32ರ ಮಿತಿ ಇರುವುದು ಯಂತ್ರಕ್ಕಾಗಿ ಅಲ್ಲ, ಅದನ್ನು ಎತ್ತಿ ಹಾಕುವ ಕೆಲಸಗಾರನ ಬೆನ್ನಿಗಾಗಿ. ರೂಸ್‌ವೆಲ್ಟರ ಹೊರೆಯಾಳು ಹೊತ್ತ 27 ಕಿಲೋ ಈ ಎರಡು ಅಂಕಿಗಳ ನಡುವೆಯೇ ಬರುತ್ತದೆ.

23 ಕಿಲೋ ಮೀರಿದ ಬ್ಯಾಗಿಗೆ ‘ಹೆವಿ’ ಎಂಬ ಚೀಟಿ ಅಂಟಿಸುತ್ತಾರೆ. ಆ ಚೀಟಿ ಪ್ರಯಾಣಿಕನಿಗಾಗಿ ಅಲ್ಲ. ಚಿಕ್ಕ ವಿಮಾನಗಳ ಹೊಟ್ಟೆಯಲ್ಲಿ ನೆಟ್ಟಗೆ ನಿಲ್ಲಲು ಎತ್ತರ ಸಾಲದೆ, ಮಂಡಿಯೂರಿ ಒಂದೊಂದೇ ಬ್ಯಾಗು ಜೋಡಿಸುವವನೊಬ್ಬನಿದ್ದಾನೆ. ಅದನ್ನು ಓದಬೇಕಾದವನು ಅವನು.