ಕಡವಿನಾಚೆಯ ಶಾಲೆ

ಮಾತೆ ಮರಿಯಮ್ಮನವರ ಜನನದ ಹಬ್ಬ ಸೆಪ್ಟೆಂಬರ್ 8ಕ್ಕೆ ಬರುತ್ತದೆ. ನಮ್ಮ ಕರಾವಳಿಯವರ ಬಾಯಲ್ಲಿ ಅದು ಮೊಂತಿ ಹಬ್ಬ, ತೆನೆ ಹಬ್ಬ. ಒಂಬತ್ತು ದಿನ ಮಕ್ಕಳು ಹೂವಿನ ಬುಟ್ಟಿ ಹಿಡಿದು ಇಗರ್ಜಿಗೆ ಹೋಗುತ್ತಾರೆ. ಹಬ್ಬದ ದಿನ ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಭತ್ತದ ಕಾಳು ಸುಲಿದು ಪಾಯಸಕ್ಕೋ ತೆಂಗಿನಹಾಲಿಗೋ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕುಳಿತು ಸೇವಿಸುತ್ತೇವೆ. ಪರವೂರಿನಲ್ಲಿದ್ದವರ ಪಾಲನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ಕ್ರಮವೂ ಇತ್ತು. 1977ರಿಂದ 1990ರವರೆಗೆ ಕುವೈತಿನಲ್ಲಿದ್ದ ನನಗೆ ವರ್ಷವೂ ಹೀಗೆ ಐದಾರು ಕಾಳು ಬರುತ್ತಿತ್ತು. ಜೊತೆಗಿದ್ದ ಪತ್ರ ಅಮ್ಮನದು, ಅಕ್ಷರ ಮಾತ್ರ ಅಮ್ಮನದಲ್ಲ. ಅಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆ ಅಕ್ಷರ ಯಾರದೆಂದು ಹೇಳಬೇಕಾದರೆ ಮೊದಲು ನಮ್ಮ ಶಾಲೆಯ ಕತೆಯನ್ನು ಹೇಳಬೇಕು.

ನಮ್ಮ ಮನೆ ಹೊಳೆಯ ಈಚೆ, ಇಗರ್ಜಿ ಮತ್ತು ಶಾಲೆ ಹೊಳೆಯಾಚೆ. ನಮ್ಮ ಜಿಲ್ಲೆಯಲ್ಲಿ ಶಾಲೆಯ ಗಂಟೆ ಬೇಗನೆ ಕೇಳಿಸಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆ ತೆರೆದರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. 1878ರ ಕೊನೆಯ ದಿನ ಯೇಸುಸಭೆಯ ಗುರುಗಳು ಬಂದಿಳಿದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಕಾಲೇಜಿನ ಹೆಸರು ಎಲ್ಲರಿಗೂ ಗೊತ್ತು. ಆದರೆ ಹಳ್ಳಿಹಳ್ಳಿಯಲ್ಲಿ ಇಗರ್ಜಿಯ ಬದಿಗೆ ಹಂಚಿನ ಮಾಡಿನ ಕನ್ನಡ ಶಾಲೆಯೊಂದನ್ನು ಕಟ್ಟಿ, ಎಲ್ಲ ಜಾತಿಯ ಮಕ್ಕಳನ್ನು ಒಂದೇ ಬೆಂಚಿನಲ್ಲಿ ಕೂರಿಸಿದ ಮಾಷ್ಟ್ರುಗಳ ಹೆಸರು ಯಾವ ಕಲ್ಲಿನಲ್ಲೂ ಕೆತ್ತಿಲ್ಲ. ಊರಿನ ಇತಿಹಾಸ ಬರೆಯುವವರು ಕಾಲೇಜಿನಿಂದ ಆರಂಭಿಸುತ್ತಾರೆ. ನನ್ನ ಮಟ್ಟಿಗೆ ಅದು ತಪ್ಪು ಲೆಕ್ಕ.

ನಾನು 1961ರಲ್ಲಿ ಒಂದನೇ ತರಗತಿಗೆ ಸೇರಿದೆ. ಜಿಲ್ಲೆ ಮದರಾಸಿನಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಐದೇ ವರ್ಷವಾಗಿತ್ತು. ದೊಡ್ಡವರು ಇನ್ನೂ ‘ಹೈಯರ್ ಎಲಿಮೆಂಟರಿ’ ಎನ್ನುತ್ತಿದ್ದರು. ಕಡವಿನ ದೋಣಿ ನಡೆಸುತ್ತಿದ್ದವರ ಮಗ ನನ್ನ ಜೊತೆಗೇ ಸೇರಿದ. ಅವನ ಹೆಸರು ಇಲ್ಲಿ ಬೇಡ. ಶಾಲೆಯಲ್ಲಿಯೂ ಅವನನ್ನು ಹೆಸರಿನಿಂದ ಕರೆದವರು ಕಡಿಮೆ, ‘ಕಡವಿನವ’ ಎಂದೇ ಎಲ್ಲರೂ ಕರೆಯುತ್ತಿದ್ದರು. ನಾವು ಮನೆಯಲ್ಲಿ ಕೊಂಕಣಿ, ಅವರು ತುಳು, ಶಾಲೆಯಲ್ಲಿ ಕನ್ನಡ. ನನಗೆ ‘ಘರ್’, ಅವನಿಗೆ ‘ಇಲ್ಲ್’, ಪುಸ್ತಕದಲ್ಲಿ ‘ಮನೆ’. ಕನ್ನಡ ಇಬ್ಬರಲ್ಲಿ ಒಬ್ಬನ ಭಾಷೆಯೂ ಆಗಿರಲಿಲ್ಲ. ಬಹುಶಃ ಅದಕ್ಕೇ ಅದು ನಮ್ಮಿಬ್ಬರದೂ ಆಯಿತು.

ಮಳೆಗಾಲದಲ್ಲಿ ಓಲೆಯ ಕೊಡೆ. ಸ್ಲೇಟು ಒರೆಸಲು ಬೇಲಿಯ ಬದಿಯ ನೀರುಕಡ್ಡಿ. ಅದನ್ನು ಹೊಳೆಬದಿಯಿಂದ ಕಟ್ಟುಕಟ್ಟಾಗಿ ತಂದು, ಎರಡು ಕಡ್ಡಿಗೆ ಒಂದು ತುಂಡು ಬಳಪದಂತೆ ವ್ಯಾಪಾರ ಮಾಡುತ್ತಿದ್ದವನೂ ಇವನೇ. ಮಧ್ಯಾಹ್ನ ಅಮೆರಿಕದಿಂದ ಕೇರ್ ಸಂಸ್ಥೆಯ ಮೂಲಕ ಬರುತ್ತಿದ್ದ ಹುಡಿಯ ಹಾಲು, ಸಜ್ಜಿಗೆ. ಸಜ್ಜಿಗೆಯ ಪಾತ್ರೆಯ ತಳ ಕೆರೆಯುವ ಸರದಿಗಾಗಿ ನಡೆದ ಜಗಳಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಹೊಳೆ ತುಂಬಿದ ದಿನ ದೋಣಿ ಇಲ್ಲ, ದೋಣಿ ಇಲ್ಲದಿದ್ದರೆ ನಮಗೆ ಶಾಲೆಯೂ ಇಲ್ಲ. ಆದ್ದರಿಂದ ಬೆಳಿಗ್ಗೆ ಎದ್ದ ಕೂಡಲೇ ಈಚೆ ದಡದ ಮಕ್ಕಳೆಲ್ಲ ಕೇಳುತ್ತಿದ್ದ ಮಾತು ಒಂದೇ: “ಕಡವಿನಲ್ಲಿ ನೀರು ಎಷ್ಟುಂಟು?” ಉತ್ತರ ಹೇಳುವ ಅಧಿಕಾರ ಅವನಿಗೆ. ಗಣಿತದ ಪರೀಕ್ಷೆಯ ದಿನ ನೀರು ಸ್ವಲ್ಪ ಜಾಸ್ತಿಯೇ ಇರುತ್ತಿತ್ತು. ಅದು ಅವನು ನಮಗಾಗಿ ಹೇಳುತ್ತಿದ್ದ ಸುಳ್ಳು, ಗಣಿತದಲ್ಲಿ ತರಗತಿಗೆ ಮೊದಲಿಗ ಅವನೇ.

ನೊವೇನದ ಒಂಬತ್ತು ದಿನ ನನ್ನ ಬುಟ್ಟಿಗೆ ಹೂ ಕೊಯ್ದು ಕೊಡುತ್ತಿದ್ದ. ಅವರ ಮನೆಯ ಹೊಸಕ್ಕಿ ಊಟಕ್ಕೆ ನನ್ನನ್ನು ಕರೆಯುತ್ತಿದ್ದರು. ಎರಡೂ ಮನೆಯಲ್ಲಿ ಅದೇ ಗದ್ದೆಯ ಭತ್ತ. ಇದು ವಿಶೇಷವೆಂದು ಆಗ ನಮಗೆ ಯಾರಿಗೂ ಅನಿಸಿರಲಿಲ್ಲ.

ಏಳನೆಯ ತರಗತಿ ಮುಗಿದ ವರ್ಷ ಅವನ ಅಪ್ಪ ಹಾಸಿಗೆ ಹಿಡಿದರು. ಹುಟ್ಟು ಇವನ ಕೈಗೆ ಬಂತು. ನಾನು ಹೈಸ್ಕೂಲಿಗೆ ಹೋದೆ, ದಿನವೂ ಅವನ ದೋಣಿಯಲ್ಲಿಯೇ. ಎಂಟರಿಂದ ಹತ್ತರವರೆಗೆ ನನ್ನಿಂದ ಅವನು ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ದಾಟುವಷ್ಟು ಹೊತ್ತಿನಲ್ಲಿ ನನ್ನ ಬೀಜಗಣಿತದ ಪುಸ್ತಕ ಇಸಕೊಂಡು ತಿರುವಿಹಾಕುತ್ತಿದ್ದ.

1973ರ ಕೊನೆಗೆ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಿನ ಹತ್ತಿರಕ್ಕೆ ಏರಿತು. ಕೊಲ್ಲಿಯ ದೇಶಗಳಲ್ಲಿ ಕಟ್ಟಡ, ಬಂದರು, ಕಛೇರಿಗಳೆಲ್ಲ ಒಟ್ಟಿಗೆ ಎದ್ದವು, ಜನ ಬೇಕಾದರು. ನಮ್ಮವರಿಗೆ ಆ ದಾರಿ ಪೂರ್ತಿ ಹೊಸದಲ್ಲ. 1961ರವರೆಗೆ ಕುವೈತಿನಲ್ಲಿ ನಡೆಯುತ್ತಿದ್ದ ನಾಣ್ಯ ರೂಪಾಯಿಯೇ, ಆ ವರ್ಷ ದಿನಾರು ಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ ‘ದಾರಾ’ ಎಂಬ ಪ್ರಯಾಣಿಕ ಹಡಗು ದುಬೈ ಬಳಿ ಸ್ಫೋಟಕ್ಕೀಡಾಗಿ 238 ಮಂದಿ ಸತ್ತಿದ್ದರು. ಆ ಸಾಲಿನದೇ ಇನ್ನೊಂದು ಹಡಗು ‘ದ್ವಾರಕಾ’ 1982ರವರೆಗೂ ಓಡಿತು. ನಾನು 1974ರಲ್ಲಿ ಬೊಂಬಾಯಿಗೆ ಹೋದೆ, ಹನ್ನೆರಡು ಜನರ ಒಂದು ಕೋಣೆಯಲ್ಲಿ ಮಲಗಿ ಟೈಪಿಂಗ್ ಮಾಡಿದೆ, ಮೂರು ವರ್ಷದ ಮೇಲೆ ದ್ವಾರಕಾದ ಡೆಕ್ಕಿನಲ್ಲಿ ಕುಳಿತು ಕುವೈತಿಗೆ ಹೋದೆ. ಬೊಂಬಾಯಿಗೆ ಹೊರಟ ದಿನ ಬಸ್ಸಿನ ಹಣಕ್ಕೆ ಮೂವತ್ತು ರೂಪಾಯಿ ಕಡಿಮೆ ಬಿತ್ತು. ಕೊಟ್ಟವನು ಯಾರೆಂದು ಹೇಳಬೇಕೆ?

ಆಮೇಲೆ ಅಮ್ಮನ ಪತ್ರಗಳು. ಅಮ್ಮ ಕೊಂಕಣಿಯಲ್ಲಿ ಹೇಳುತ್ತಿದ್ದಳು, ಅವನು ಕನ್ನಡದಲ್ಲಿ ಬರೆಯುತ್ತಿದ್ದ. ದುಂಡು ದುಂಡಾದ, ಮಾಷ್ಟ್ರು ಕೈಹಿಡಿದು ತಿದ್ದಿಸಿದ ಅದೇ ಅಕ್ಷರ. ಕೊನೆಯಲ್ಲಿ ಅಮ್ಮನ ಆಶೀರ್ವಾದದ ಕೆಳಗೆ ಅವನದೇ ಒಂದು ಸಾಲು ಇರುತ್ತಿತ್ತು: “ಕಡವಿನಲ್ಲಿ ನೀರು ಹೆಚ್ಚಿದೆ.” ಅಥವಾ “ನೀರು ಇಳಿದಿದೆ.” ಬೇರೇನೂ ಇಲ್ಲ. ನಾನು ಅಮ್ಮನಿಗೆ ಬರೆದೆ, ಡ್ರಾಫ್ಟು ಕಳಿಸಿದೆ, ತಮ್ಮನ ಮಕ್ಕಳ ಫೀಸಿನ ಲೆಕ್ಕ ಬರೆದೆ. ಅವನಿಗೆ ಒಂದು ಸಾಲು ಬರೆಯಲಿಲ್ಲ. ಹದಿಮೂರು ವರ್ಷ! ಮೂವತ್ತು ರೂಪಾಯಿಯ ನೆನಪೂ ಇತ್ತು. ಬರೆದರೆ ಹಣದ ಮಾತು ಬರುತ್ತದೆ, ಬರೆಯದಿದ್ದರೆ ಬರುವುದಿಲ್ಲ ಎಂಬಂತಹ ಸಣ್ಣತನ ಇದ್ದಿರಬೇಕು. ಈಗ ಅದಕ್ಕೆ ಬೇರೆ ಕಾರಣ ಹುಡುಕುವುದಿಲ್ಲ.

ಹಣ ಊರಿಗೆ ಬಂದಾಗ ಊರು ಬದಲಾಯಿತು. 1985ರಲ್ಲಿ ನಾನು ಮನೆ ಕಟ್ಟಿಸಿದೆ, ತಾರಸಿ ಮನೆ. ನನ್ನ ಹಾಗೆ ಕೊಲ್ಲಿಗೆ ಹೋದವರು ಒಬ್ಬೊಬ್ಬರಾಗಿ ತಾರಸಿ ಹಾಕಿಸಿದರು. ಅಷ್ಟರಲ್ಲಿ ಹೊಳೆಗೆ ಸೇತುವೆಯೂ ಆಗಿ, ಕಡವು ನಿಂತು, ಅವನು ಹಂಚಿನ ಕಾರ್ಖಾನೆಯೊಂದರಲ್ಲಿ ಮಣ್ಣು ಹದ ಮಾಡುವ ಕೆಲಸಕ್ಕೆ ಸೇರಿದ್ದ. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪಿನಲ್ಲಿ ಆರಂಭಿಸಿದ ಉದ್ಯಮ ಅದು. ಮಂಗಳೂರು ಹಂಚು ಎಂದರೆ ಕಡಲಾಚೆಗೂ ಹೆಸರು. ಸಿಮೆಂಟಿನ ಮಾಡು ಬಂದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಅವನದೂ ಹಾಕಿತು.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಬ್ಯಾಂಕಿನಲ್ಲಿದ್ದ ಹಣ ಬ್ಯಾಂಕಿನಲ್ಲೇ ಉಳಿಯಿತು. ಬಾಗ್ದಾದಿನ ದಾರಿಯಾಗಿ ಜೋರ್ಡಾನಿನ ಗಡಿಗೆ, ಮರುಭೂಮಿಯ ಡೇರೆಗಳಲ್ಲಿ ಕಾದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ. ಆ ಎರಡು ತಿಂಗಳಲ್ಲಿ ಹೀಗೆ ಮರಳಿದ ಭಾರತೀಯರು ಒಂದು ಲಕ್ಷಕ್ಕೂ ಹೆಚ್ಚು. ಊರಿಗೆ ತಲುಪಿದಾಗ ತೆನೆ ಹಬ್ಬ ಮುಗಿದು ನಾಲ್ಕು ದಿನವಾಗಿತ್ತು. ಸೇತುವೆಯ ತುದಿಯಲ್ಲಿ ಅವನು ನಿಂತಿದ್ದ. “ಎಂತ ಮಾರಾಯ, ಬರೀ ಕೈಯಲ್ಲಿ ಬಂದಿಯಾ? ಬಂದದ್ದೇ ದೊಡ್ಡದು” ಎಂದ. ನನ್ನ ಮನೆಯ ತಾರಸಿ ನೋಡುತ್ತಾ ನಕ್ಕ: “ಇದಕ್ಕೆ ಹಂಚು ಹಾಕಿಸಿದ್ದರೆ ನನಗೆ ಇನ್ನೊಂದು ವರ್ಷ ಕೆಲಸ ಇರ್ತಿತ್ತು.” ತಮಾಷೆಗೇ ಹೇಳಿದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಶಾಲೆಯದೂ ಅದೇ ಕತೆ. ನಾನು ಕಳಿಸಿದ ಡ್ರಾಫ್ಟಿನಿಂದ ತಮ್ಮನ ಮಕ್ಕಳು ವ್ಯಾನಿನಲ್ಲಿ ಇಂಗ್ಲಿಷ್ ಶಾಲೆಗೆ ಹೋದರು. ನೆರೆಮನೆಯವರೂ ಹಾಗೆಯೇ. 1994ರಲ್ಲಿ ಸರಕಾರ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ಆಜ್ಞೆ ಹೊರಡಿಸಿತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದು ಸಲ್ಲದೆಂದಿತು. ತೀರ್ಪಿನ ಬಗ್ಗೆ ಸಭೆಗಳಲ್ಲಿ ಬಹಳ ಮಾತಾಡಿದೆವು. ಆದರೆ ನಮ್ಮ ಶಾಲೆಯ ಬೆಂಚುಗಳು ತೀರ್ಪಿಗೆ ಕಾದಿರಲಿಲ್ಲ, ಅವು ಖಾಲಿಯಾಗಿ ಆಗಲೇ ವರ್ಷಗಳು ಕಳೆದಿದ್ದವು.

ನಾನೀಗ ಮಗಳ ಜೊತೆ ಕೆನಡಾದಲ್ಲಿದ್ದೇನೆ. ಕಳೆದ ವರ್ಷ ಊರಿಗೆ ಹೋದಾಗ ಅವನೇ ಶಾಲೆಗೆ ಕರೆದುಕೊಂಡು ಹೋದ. ಒಂದನೇ ತರಗತಿಗೆ ಒಂದು ಮಗುವೂ ಸೇರಿರಲಿಲ್ಲ. ಕೋಣೆಯಲ್ಲಿ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಮಾಡಿನ ಹಂಚು ಮಾತ್ರ ಒಂದೂ ಜಾರಿರಲಿಲ್ಲ, ಅದನ್ನು ಅವನು ಬೆರಳು ತೋರಿಸಿ ಹೇಳಿದ. ಜಗಲಿಯಲ್ಲಿ ಕುಳಿತಾಗ ನಾನು ಐವತ್ತು ವರ್ಷದ ಮಾತನ್ನು ಕಷ್ಟಪಟ್ಟು ತೆಗೆದೆ. ಒಂದು ಸಾಲೂ ಬರೆಯಲಿಲ್ಲ, ತಪ್ಪಾಯಿತು ಎಂದೆ.

“ಅದು ನನಗೆ ಗೊತ್ತಿಲ್ವಾ?” ಎಂದ. “ನಿನ್ನ ಪತ್ರಗಳನ್ನು ನಿನ್ನ ಅಮ್ಮನಿಗೆ ಓದಿ ಹೇಳಿದವನು ನಾನೇ ಅಲ್ವಾ ಮಾರಾಯ. ಪ್ರತಿ ಸಲ ಕೊನೆಗೆ ಒಂದು ಸಾಲು ನಾನೇ ಸೇರಿಸಿ ಓದ್ತಿದ್ದೆ, ‘ಕಡವಿನವನು ಹೇಗಿದ್ದಾನೆ, ಕೇಳಿದೆನೆಂದು ಹೇಳು’ ಅಂತ. ಇಲ್ಲದಿದ್ದರೆ ಅಮ್ಮನಿಗೆ ಬೇಜಾರಾಗ್ತಿತ್ತು.”

ಹಬ್ಬಕ್ಕೆ ಮೊದಲು ಸಿಗುವಂತೆ ಈ ಸಲ ಅವನ ಹೆಸರಿಗೇ ಒಂದು ಪತ್ರವನ್ನು ಕನ್ನಡದಲ್ಲಿ ಬರೆದು ಅಂಚೆಗೆ ಹಾಕಿದ್ದೇನೆ. ಅವನ ಕಣ್ಣಿಗೆ ಪೊರೆ ಬಂದಿದೆ, ಸಣ್ಣ ಅಕ್ಷರ ಕಾಣಿಸುವುದಿಲ್ಲ. ಓದಿ ಹೇಳುವವಳು ಅವನ ಮೊಮ್ಮಗಳು. ಅವಳು ಕಲಿತದ್ದು ನಮ್ಮ ಶಾಲೆಯಲ್ಲೇ. ಅವಳ ತರಗತಿಯಲ್ಲಿ ಇದ್ದದ್ದು ನಾಲ್ಕು ಮಕ್ಕಳು.